ನ್ಯೂ ಆರ್ಲಿಯನ್ಸಿನ ಕ್ಸೇವಿಯರ್: ಹಸಿರು ಸೂರಿನ ಪುಟ್ಟ ಯೂನಿವರ್ಸಿಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಯೂನಿವರ್ಸಿಟಿ ಬಗ್ಗೆ ಮಾತು ತೆಗೆದಾಗಲೆಲ್ಲ ನನಗೆ ಅವೇ ಪ್ರಶ್ನೆಗಳು ಎದುರಾಗುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ, ಯಾಕೆಂದರೆ ಅಲ್ಲಿ ಹೇಳುವುದು ನಿಜಕ್ಕೂ ಜಾಸ್ತಿ ಇದೆ.

ಕ್ಸೇವಿಯರ್ ಅಂದರೆ ಯಾವುದು? ಮುಂಬೈದಾ?

ಅಲ್ಲ. ಮುಂಬೈನ ಸೇಂಟ್ ಕ್ಸೇವಿಯರ್ಸ್ ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಪಂಗಡದ ಪಾದ್ರಿಗಳದ್ದು, 1869ರದು. ಅಮೆರಿಕದ ಸಿನ್ಸಿನಾಟಿಯಲ್ಲೂ ಒಂದು ಕ್ಸೇವಿಯರ್ ಇದೆ, ಅದೂ ಜೆಸ್ವಿಟರದ್ದೇ. ನಾನು ಹೇಳುತ್ತಿರುವುದು ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ಊರಿನ ಕ್ಸೇವಿಯರ್ ಬಗ್ಗೆ. ಮೂರಕ್ಕೂ ಹೆಸರು ಬಂದದ್ದು ಒಬ್ಬರಿಂದಲೇ, ಗೋವಾದಲ್ಲಿ ಯಾರ ದೇಹ ಇಟ್ಟಿದ್ದಾರೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರಿಂದ. ಆದರೆ ನ್ಯೂ ಆರ್ಲಿಯನ್ಸಿನದನ್ನು ಕಟ್ಟಿದವರು ಪಾದ್ರಿಗಳಲ್ಲ, ಸಿಸ್ಟರ್‌ಗಳು, ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರು.

ಇನ್ನೊಂದು ವ್ಯತ್ಯಾಸವೇ ಮುಖ್ಯವಾದದ್ದು. ಕಪ್ಪು ಜನರಿಗೆ ಬೇರೆಲ್ಲೂ ಸೀಟು ಸಿಗದ ಕಾಲದಲ್ಲಿ ಅವರಿಗಾಗಿಯೇ ಹುಟ್ಟಿದ ಕಾಲೇಜುಗಳು ಅಮೆರಿಕದಲ್ಲಿ ಇವತ್ತಿಗೂ ಸುಮಾರು ನೂರು ಇವೆ. ಅಷ್ಟರಲ್ಲಿ ಕ್ಯಾಥೊಲಿಕ್ ಯೂನಿವರ್ಸಿಟಿ ಇದೊಂದೇ.

ಪುಟ್ಟದು ಅಂತೀರಲ್ಲ, ಎಷ್ಟು ಪುಟ್ಟದು?

ಎಲ್ಲ ವಿಭಾಗ ಸೇರಿಸಿದರೂ ಮೂರು ಸಾವಿರ ಚಿಲ್ಲರೆ ವಿದ್ಯಾರ್ಥಿಗಳು. ಹುಡುಗಿಯರೇ ಜಾಸ್ತಿ. ಅಮೆರಿಕದ ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಮೂವತ್ತು, ನಲವತ್ತು ಸಾವಿರ ಜನ ಓದುತ್ತಾರೆ. ಅದರ ಮುಂದೆ ಇದು ಒಂದು ಹಳ್ಳಿ ಇದ್ದ ಹಾಗೆ. ಮೇಷ್ಟ್ರಿಗೆ ಮಕ್ಕಳ ಹೆಸರು ಗೊತ್ತಿರುತ್ತದೆ, ಯಾರು ಎರಡು ದಿನದಿಂದ ಕ್ಲಾಸಿಗೆ ಬಂದಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಹಳೆ ವಿದ್ಯಾರ್ಥಿಗಳ ಸಾಧನೆ ಬಗ್ಗೆ ಮುಂದೆ ಏನೇನು ಬರೆದಿದ್ದೇನೋ ಅದರ ಬೇರು ಇಲ್ಲೇ ಇದೆ ಅಂತ ನನ್ನ ನಂಬಿಕೆ.

ಶುರು ಮಾಡಿದ ಸಿಸ್ಟರ್ ಯಾರು?

ಕ್ಯಾಥರಿನ್ ಡ್ರೆಕ್ಸೆಲ್. 1858ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ಅಪ್ಪ ಬಹಳ ದೊಡ್ಡ ಬ್ಯಾಂಕರ್. ಅವರು 1885ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಆಸ್ತಿ ಸುಮಾರು 1.55 ಕೋಟಿ ಡಾಲರ್, ಅದೂ ಆ ಕಾಲದ ಡಾಲರ್. ಅದರಲ್ಲಿ ಹತ್ತನೇ ಒಂದು ಪಾಲು ದಾನಕ್ಕೆ ಹೋಯಿತು, ಉಳಿದದ್ದರ ಆದಾಯ ಮೂವರು ಹೆಣ್ಣುಮಕ್ಕಳಿಗೆ.

1887ರಲ್ಲಿ ಕ್ಯಾಥರಿನ್ ರೋಮಿಗೆ ಹೋಗಿ 13ನೇ ಲಿಯೋ ಪೋಪರನ್ನು ಕಂಡರು. ಅಮೆರಿಕದ ಮೂಲನಿವಾಸಿಗಳ ನಡುವೆ ಕೆಲಸ ಮಾಡಲು ಮಿಷನರಿಗಳನ್ನು ಕಳಿಸಿಕೊಡಿ ಅಂತ ಬೇಡಿಕೊಂಡರು. ಪೋಪ್ ತಿರುಗಿ ಕೇಳಿದ್ದು, ನೀನೇ ಯಾಕೆ ಮಿಷನರಿ ಆಗಬಾರದು ಅಂತ. ನಾಲ್ಕೇ ವರ್ಷಕ್ಕೆ, 1891ರಲ್ಲಿ, ಆಕೆ ಸನ್ಯಾಸಿನಿಯಾಗಿ ಬ್ಲೆಸ್ಡ್ ಸಾಕ್ರಮೆಂಟ್ ಸಿಸ್ಟರ್‌ಗಳ ಸಭೆಯನ್ನೇ ಕಟ್ಟಿದರು. ಆ ಸಭೆಯ ಕೆಲಸ ಮೂಲನಿವಾಸಿಗಳ ಮತ್ತು ಕಪ್ಪು ಜನರ ಮಕ್ಕಳಿಗೆ ಓದು ಕಲಿಸುವುದು. ಅಷ್ಟು ದೊಡ್ಡ ಆಸ್ತಿಯ ಮಗಳು ಬಡತನದ ವ್ರತ ತೊಟ್ಟು, ಬಂದ ಹಣವನ್ನೆಲ್ಲ ಶಾಲೆಗಳಿಗೆ ಸುರಿದರು.

ನ್ಯೂ ಆರ್ಲಿಯನ್ಸಿನಲ್ಲಿ ಮ್ಯಾಗಝಿನ್ ಸ್ಟ್ರೀಟ್ ಅಂತ ಒಂದು ಬೀದಿ. ಅಲ್ಲಿದ್ದ ಕಪ್ಪು ವಿದ್ಯಾರ್ಥಿಗಳ ಸರ್ಕಾರಿ ಕಾಲೇಜು ಬ್ಯಾಟನ್ ರೂಜ್‌ಗೆ ಸ್ಥಳಾಂತರವಾಗಿ ಕಟ್ಟಡ ಖಾಲಿ ಬಿದ್ದಿತ್ತು. 1915ರಲ್ಲಿ ಕ್ಯಾಥರಿನ್ ಅಲ್ಲಿ ಹೈಸ್ಕೂಲು ತೆರೆದರು. 1917ರಲ್ಲಿ ಶಿಕ್ಷಕರ ತರಬೇತಿ ಶುರುವಾಯಿತು, 1925ರಲ್ಲಿ ಪೂರ್ಣ ಪ್ರಮಾಣದ ಕಾಲೇಜು, 1927ರಲ್ಲಿ ಫಾರ್ಮಸಿ. ಆಗ ಅಲ್ಲಿನ ಬಿಳಿಯರ ಕಾಲೇಜುಗಳಲ್ಲಿ ಕಪ್ಪು ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಕ್ಯಾಥೊಲಿಕ್ ಕಾಲೇಜುಗಳ ಬಾಗಿಲೂ ಮುಚ್ಚಿತ್ತು, ಇದನ್ನು ಮರೆಯಬಾರದು.

ಕ್ಯಾಥರಿನ್ 1955ರಲ್ಲಿ ತೀರಿಕೊಂಡರು. 2000ದ ಅಕ್ಟೋಬರ್ 1ರಂದು ಪೋಪ್ 2ನೇ ಜಾನ್ ಪಾಲ್ ಅವರಿಗೆ ಸಂತ ಪದವಿ ಕೊಟ್ಟರು.

ಅಂಥ ಶ್ರೀಮಂತರು ಕಟ್ಟಿದ್ದು ಅಂದಮೇಲೆ ದುಡ್ಡಿಗೆ ತೊಂದರೆ ಇರಲಿಲ್ಲ, ಅಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಆದದ್ದು ಬೇರೆ. ಅಪ್ಪ ಬರೆದ ವಿಲ್ ಪ್ರಕಾರ ಮಕ್ಕಳಿಗೆ ಸಿಗುತ್ತಿದ್ದುದು ಆಸ್ತಿಯ ಆದಾಯ ಮಾತ್ರ. ಮಕ್ಕಳಿಗೆ ಸಂತಾನ ಇಲ್ಲದೆ ಹೋದರೆ ಅಸಲು ಹಣ ಅವರು ಹೆಸರಿಸಿದ್ದ ಧರ್ಮಸಂಸ್ಥೆಗಳಿಗೆ ಹೋಗಬೇಕಿತ್ತು. ವಿಲ್ ಬರೆದಾಗ ಕ್ಯಾಥರಿನ್ ಸಭೆ ಹುಟ್ಟೇ ಇರಲಿಲ್ಲ, ಹಾಗಾಗಿ ಅದರ ಹೆಸರು ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. 1955ರಲ್ಲಿ ಆಕೆ ಕಣ್ಣು ಮುಚ್ಚಿದ ದಿನವೇ ಆ ಹಣದ ಹರಿವು ನಿಂತಿತು. ಸಿಸ್ಟರ್‌ಗಳಿಗೂ ಇಲ್ಲ, ಕ್ಸೇವಿಯರ್‌ಗೂ ಇಲ್ಲ.

ವಿಲ್ ಬದಲಾಯಿಸಲು ಕೋರ್ಟಿಗೆ ಹೋಗಬಹುದಿತ್ತಲ್ಲ ಅನ್ನಿಸುತ್ತದೆ. ಆಕೆ ಅಪ್ಪನ ಮಾತನ್ನು ಹಾಗೇ ಉಳಿಸಿಕೊಂಡರು. ಆಮೇಲಿನ ಕ್ಸೇವಿಯರ್ ಬೆಳೆದದ್ದು ಫೀಸಿನಿಂದ, ದಾನದಿಂದ, ಹಳೆ ವಿದ್ಯಾರ್ಥಿಗಳು ಕಳಿಸಿದ ಪುಟ್ಟ ಪುಟ್ಟ ಚೆಕ್ಕುಗಳಿಂದ.

ಓದಲು ಕ್ಯಾಥೊಲಿಕ್ ಆಗಿರಬೇಕಾ?

ಬೇಕಿಲ್ಲ. ಅಲ್ಲಿ ಕ್ಯಾಥೊಲಿಕ್ ಅಲ್ಲದವರೇ ಜಾಸ್ತಿ. ಬಿಳಿಯರು, ಏಷ್ಯಾದವರು, ಲ್ಯಾಟಿನ್ ಅಮೆರಿಕದವರು ಕೂಡ ಓದುತ್ತಾರೆ. ದೇವತಾಶಾಸ್ತ್ರದ ಪಾಠ ಇದ್ದೇ ಇರುತ್ತದೆ.

ಇಷ್ಟು ಪುಟ್ಟ ಕಾಲೇಜಿನಿಂದ ಅಷ್ಟೊಂದು ಡಾಕ್ಟರ್‌ಗಳು ಹೇಗೆ ಬರುತ್ತಾರೆ?

ನನಗೆ ಅತಿ ಹೆಚ್ಚು ಇಷ್ಟವಾದ ಪ್ರಶ್ನೆ ಇದು. ಸುಮ್ನೆ ಹೊಗಳಿಕೆ ಅಲ್ಲ, ಕಪ್ಪು ವಿದ್ಯಾರ್ಥಿಗಳನ್ನು ಮೆಡಿಕಲ್ ಕಾಲೇಜಿಗೆ ಕಳಿಸುವ ವಿಷಯದಲ್ಲಿ ಹತ್ತಾರು ವರ್ಷ ಇಡೀ ಅಮೆರಿಕದಲ್ಲಿ ಮೊದಲ ಸಾಲಿನಲ್ಲಿ ನಿಂತದ್ದು ಈ ಪುಟ್ಟ ಕ್ಯಾಂಪಸ್. ಹೆಸರುವಾಸಿ ದೊಡ್ಡ ಯೂನಿವರ್ಸಿಟಿಗಳನ್ನೆಲ್ಲ ಹಿಂದೆ ಹಾಕಿ.

ಅಲ್ಲಿ ಬುದ್ಧಿವಂತರನ್ನಷ್ಟೇ ಆರಿಸಿಕೊಳ್ಳುತ್ತಾರೆ ಅಂತ ಅಂದುಕೊಳ್ಳಬೇಡಿ. ಲ್ಯಾಬ್ ಕೂಡ ಸರಿಯಾಗಿ ಇಲ್ಲದ ಶಾಲೆಗಳಿಂದ ಬಂದ ಮಕ್ಕಳು ಬೇಕಾದಷ್ಟು. ಅಮೆರಿಕದಲ್ಲಿ ಮೆಡಿಕಲ್‌ಗೆ ಸೇರುವ ಮೊದಲು ನಾಲ್ಕು ವರ್ಷದ ಡಿಗ್ರಿ ಮುಗಿಸಬೇಕು. ಬಹಳ ಕಡೆ ಮೊದಲ ವರ್ಷದ ಕೆಮಿಸ್ಟ್ರಿ ಅಂದರೆ ಜರಡಿ. ಅರ್ಧ ಜನ ಉದುರಿಹೋಗಲಿ ಅಂತಲೇ ಪಾಠ ಮಾಡುತ್ತಾರೇನೋ ಅನ್ನಿಸುವ ಹಾಗಿರುತ್ತದೆ. ಕ್ಸೇವಿಯರ್ ಈ ಜರಡಿಯನ್ನೇ ಎತ್ತಿಟ್ಟಿತು.

1970ರ ದಶಕದಲ್ಲಿ ಜೆ. ಡಬ್ಲ್ಯೂ. ಕಾರ್ಮೈಕಲ್ ಅನ್ನುವ ಕೆಮಿಸ್ಟ್ರಿ ಮೇಷ್ಟ್ರು ಮತ್ತು ಅವರ ಜೊತೆಯವರು ಕೂತು ಹೊಸ ದಾರಿ ಹುಡುಕಿದರು. ಒಂದೇ ವಿಷಯಕ್ಕೆ ಐದು ಮೇಷ್ಟ್ರು ಐದು ರೀತಿ ಪಾಠ ಮಾಡುವುದು ಬೇಡ ಅಂದರು. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನೋಡಿ, ಆ ಜಾಗವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳುವ ವರ್ಕ್‌ಬುಕ್ ತಾವೇ ಬರೆದರು. ವಾರವಾರ ಅಭ್ಯಾಸದ ಕ್ಲಾಸು, ಸಣ್ಣ ಸಣ್ಣ ಟೆಸ್ಟು. ಹಿಂದೆ ಬಿದ್ದವರನ್ನು ಪರೀಕ್ಷೆ ಮುಗಿದ ಮೇಲೆ ಅಲ್ಲ, ಆ ವಾರವೇ ಹಿಡಿದು ಕೂರಿಸುತ್ತಾರೆ. ಜೊತೆಗೆ ಇನ್ನೂ ಕಾಲೇಜಿಗೆ ಸೇರದ ಮಕ್ಕಳಿಗೆ ಬೇಸಿಗೆಯಲ್ಲಿ ಯೋಚನೆ ಮಾಡುವ ಕ್ರಮವನ್ನೇ ಕಲಿಸುವ ಶಿಬಿರ.

ಇನ್ನೊಂದು ಪದ್ಧತಿ ಇದೆ, ಗುಂಪಾಗಿ ಓದುವುದು. ಪಕ್ಕದವನನ್ನು ಸೋಲಿಸಿದರೆ ನನಗೆ ಸೀಟು ಅನ್ನುವ ಯೋಚನೆಗೆ ಇಲ್ಲಿ ಜಾಗ ಕೊಡಲಿಲ್ಲ. ಅರ್ಥವಾದವರು ಅರ್ಥವಾಗದವರಿಗೆ ಹೇಳಿಕೊಡಬೇಕು. ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಡಬೇಕು. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವ ಕಾಲ ಬಂದರೆ ಅದಕ್ಕೇ ಒಂದು ಆಫೀಸು ಇದೆ. ಯಾವ ದಿನ ಯಾವ ಫಾರಂ, ಪರೀಕ್ಷೆಗೆ ತಯಾರಿ ಹೇಗೆ, ಸಂದರ್ಶನದಲ್ಲಿ ಹೇಗೆ ಕೂರಬೇಕು ಅನ್ನುವವರೆಗೂ ಹೇಳಿಕೊಡುತ್ತಾರೆ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದ ಹುಡುಗಿಗೆ ಇದನ್ನೆಲ್ಲ ಬೇರೆ ಯಾರು ಹೇಳಬೇಕು?

ಮಾದರಿಗೆ ಒಬ್ಬರ ಕಥೆ ಹೇಳಿ ಅಂದರೆ ಯಾರದ್ದು ಹೇಳುತ್ತೀರಿ?

ಡಾ. ರೆಜಿನಾ ಬೆಂಜಮಿನ್ ಅವರದ್ದು. ಅಲಬಾಮ ರಾಜ್ಯದ ಸಣ್ಣ ಊರಲ್ಲಿ ಬೆಳೆದವರು. ಕಾಲೇಜಿಗೆ ಬರುವವರೆಗೂ ಒಬ್ಬ ಕಪ್ಪು ಡಾಕ್ಟರನ್ನೂ ತಾವು ಕಂಡೇ ಇರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಕಾಣದೇ ಇದ್ದದ್ದನ್ನು ಕನಸು ಕಾಣುವುದು ಕಷ್ಟ. 1979ರಲ್ಲಿ ಕ್ಸೇವಿಯರ್‌ನಿಂದ ಕೆಮಿಸ್ಟ್ರಿ ಡಿಗ್ರಿ ಮುಗಿಸಿಕೊಂಡು ಮೆಡಿಕಲ್‌ಗೆ ಹೋದರು.

ಆಮೇಲೆ ಬಾಯೂ ಲ ಬಾಟ್ರಿ ಅನ್ನುವ ಮೀನುಗಾರರ ಬಡ ಊರಲ್ಲಿ ಕ್ಲಿನಿಕ್ ಹಾಕಿದರು. 1998ರಲ್ಲಿ ಜಾರ್ಜಸ್ ಚಂಡಮಾರುತ ಅದನ್ನು ಹಾಳು ಮಾಡಿತು. ಮತ್ತೆ ಕಟ್ಟಿದರು. 2005ರಲ್ಲಿ ಕತ್ರಿನಾ ಹಾಳು ಮಾಡಿತು. ಮತ್ತೆ ಕಟ್ಟಿದರು. ಇನ್ನೇನು ಬಾಗಿಲು ತೆರೆಯಬೇಕು ಅನ್ನುವಾಗ, 2006ರ ಹೊಸ ವರ್ಷದ ಹೊತ್ತಿಗೆ, ಬೆಂಕಿ ಬಿತ್ತು. ಅವರು ಮೂರನೇ ಸಲವೂ ಕಟ್ಟಿದರು. 2009ರಿಂದ 2013ರವರೆಗೆ ಅಮೆರಿಕದ ಸರ್ಜನ್ ಜನರಲ್ ಆಗಿದ್ದರು. ಇಡೀ ದೇಶದ ಆರೋಗ್ಯದ ಬಗ್ಗೆ ಜನರಿಗೆ ತಿಳಿಹೇಳುವ ಅತಿ ದೊಡ್ಡ ಹುದ್ದೆ ಅದು. ನನಗೆ ಮಾತ್ರ ಆ ಹುದ್ದೆಗಿಂತ ಮೂರು ಸಲ ಎದ್ದು ನಿಂತ ಕ್ಲಿನಿಕ್ಕೇ ದೊಡ್ಡದಾಗಿ ಕಾಣುತ್ತದೆ.

ಬರೀ ಡಾಕ್ಟರ್‌ಗಳಾ? ಬೇರೆಯವರು ಇಲ್ವಾ?

ಬೇಕಾದಷ್ಟು ಜನ ಇದ್ದಾರೆ. ಅರ್ನೆಸ್ಟ್ ಮೋರಿಯಲ್ 1951ರಲ್ಲಿ ಇಲ್ಲಿ ಡಿಗ್ರಿ ಮುಗಿಸಿದವರು. 1978ರಲ್ಲಿ ನ್ಯೂ ಆರ್ಲಿಯನ್ಸಿನ ಮೊದಲ ಕಪ್ಪು ಮೇಯರ್ ಆದರು. 1969ರ ಬ್ಯಾಚಿನ ಅಲೆಕ್ಸಿಸ್ ಹರ್ಮನ್ 1997ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿ ಆದರು, ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ. ಅದೇ ವರ್ಷ ದೊಡ್ಡ ಪಾರ್ಸೆಲ್ ಕಂಪನಿಯೊಂದರ ಕಾರ್ಮಿಕರು ಹದಿನೈದು ದಿನ ಮುಷ್ಕರ ಹೂಡಿದ್ದಾಗ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿ ಬಗೆಹರಿಸಿದವರು ಅವರೇ. 1954ರಲ್ಲಿ ಕೆಮಿಸ್ಟ್ರಿ ಓದಿದ ಬರ್ನಾರ್ಡ್ ರ್ಯಾಂಡಾಲ್ಫ್ ವಾಯುಸೇನೆಯಲ್ಲಿ ನಾಲ್ಕು ನಕ್ಷತ್ರದ ಜನರಲ್ ಹುದ್ದೆಯವರೆಗೂ ಏರಿದರು.

ಸಂಗೀತದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1930ರ ದಶಕದಿಂದಲೇ ಇಲ್ಲಿನ ವಿದ್ಯಾರ್ಥಿಗಳು ಪೂರ್ತಿ ಓಪೆರಾಗಳನ್ನೇ, ಅಂದರೆ ಹಾಡಿನಲ್ಲೇ ಕಥೆ ಹೇಳುವ ಪಾಶ್ಚಾತ್ಯ ನಾಟಕಗಳನ್ನೇ, ರಂಗಕ್ಕೆ ತರುತ್ತಿದ್ದರು. ಊರಿನ ಥಿಯೇಟರ್‌ಗಳಲ್ಲಿ ಕಪ್ಪು ಜನರಿಗೆ ಬೇರೆ ಸೀಟು ಇದ್ದ ಕಾಲ. ಅಂಥ ಹೊತ್ತಲ್ಲಿ ಅದೇ ಊರಿನ ಮಕ್ಕಳನ್ನು ರಾಜ ರಾಣಿಯರ ಪಾತ್ರದಲ್ಲಿ ನಿಲ್ಲಿಸಿ ಹಾಡಿಸಿದವರು ಸಿಸ್ಟರ್ ಎಲೀಸ್. ಮುಂದೆ ನ್ಯೂಯಾರ್ಕಿನ ಓಪೆರಾ ಎಬನಿ ತಂಡವನ್ನು ಕಟ್ಟಿದವರಲ್ಲೂ ಅವರು ಒಬ್ಬರು. ಅವರ ಕೈಯಲ್ಲಿ ಬೆಳೆದ ಅನಾಬೆಲ್ ಬರ್ನಾರ್ಡ್ 1956ರಲ್ಲಿ ಡಿಗ್ರಿ ಪಡೆದು, ಕೆಲವೇ ವರ್ಷದಲ್ಲಿ ಬರ್ಲಿನ್ನಿನ ದೊಡ್ಡ ಓಪೆರಾ ಕಂಪನಿಯ ಖಾಯಂ ಗಾಯಕಿ ಆದರು.

ಶಿಲ್ಪಿ ಜಾನ್ ಟಿ. ಸ್ಕಾಟ್ ಅವರನ್ನೂ ಹೇಳದೆ ಬಿಡಲಾರೆ. 1962ರಲ್ಲಿ ಇಲ್ಲೇ ಡಿಗ್ರಿ, ಮಿಷಿಗನ್‌ನಲ್ಲಿ ಮುಂದಿನ ಓದು, ವಾಪಸ್ ಬಂದು ಸುಮಾರು ನಲವತ್ತು ವರ್ಷ ಇಲ್ಲೇ ಮೇಷ್ಟ್ರು. 1992ರಲ್ಲಿ ಅಸಾಧಾರಣ ಪ್ರತಿಭೆಯವರಿಗೆ ಕೊಡುವ ಮೆಕಾರ್ಥರ್ ಫೆಲೋಶಿಪ್ ಸಿಕ್ಕಾಗಲೂ ಬೇರೆ ಕಡೆ ಹೋಗಲಿಲ್ಲ. ಗಾಳಿಗೆ ಅಲುಗಾಡುವ, ಬಣ್ಣ ಬಣ್ಣದ ಲೋಹದ ಶಿಲ್ಪಗಳು ಅವರವು. ಕತ್ರಿನಾ ಬಂದಾಗ ಹ್ಯೂಸ್ಟನ್‌ಗೆ ಹೋಗಬೇಕಾಯಿತು. 2007ರಲ್ಲಿ ಅಲ್ಲೇ ತೀರಿಕೊಂಡರು, ತಮ್ಮ ಊರಿಗೆ ಮರಳಿ ಬರುವುದು ಆಗಲೇ ಇಲ್ಲ.

ಎಲ್ಲರೂ ಹೇಳುವ ಆ ಪ್ರೆಸಿಡೆಂಟ್ ಯಾರು?

ನಾರ್ಮನ್ ಫ್ರಾನ್ಸಿಸ್. ಲಫಾಯೆಟ್ ಅನ್ನುವ ಊರಿನ ಕ್ಷೌರಿಕರ ಮಗ. ಚಿಕ್ಕವರಿದ್ದಾಗ ಬೀದಿಯಲ್ಲಿ ಶೂ ಪಾಲಿಶ್ ಮಾಡಿದವರು. ಸ್ಕಾಲರ್‌ಶಿಪ್ ಮೇಲೆ ಕ್ಸೇವಿಯರ್‌ಗೆ ಬಂದು 1952ರಲ್ಲಿ ಡಿಗ್ರಿ ಮುಗಿಸಿದರು. ಆಮೇಲೆ ಅದೇ ಊರಿನ ಲೊಯೊಲ ಲಾ ಕಾಲೇಜಿಗೆ ಸೇರಿ, ಅಲ್ಲಿಂದ ಕಾನೂನು ಡಿಗ್ರಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಆದರು.

ವಕೀಲಿಕೆ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಬದಲಿಗೆ ತಮ್ಮ ಕಾಲೇಜಿಗೇ ಮರಳಿ, ಹುಡುಗರ ಡೀನ್ ಆದರು. 1961ರ ಮೇ ತಿಂಗಳಲ್ಲಿ ಬಸ್ಸುಗಳಲ್ಲಿ ಬಣ್ಣಭೇದದ ವಿರುದ್ಧ ಹೊರಟಿದ್ದ ಫ್ರೀಡಂ ರೈಡರ್‌ಗಳು ಅಲಬಾಮದಲ್ಲಿ ಏಟು ತಿಂದು ವಿಮಾನದಲ್ಲಿ ನ್ಯೂ ಆರ್ಲಿಯನ್ಸಿಗೆ ಬಂದಿಳಿದರು. ಅವರನ್ನು ಒಳಗೆ ಕರೆದುಕೊಂಡರೆ ಗಲಾಟೆ ಆಗಬಹುದು, ಬೆಂಕಿಯೂ ಬೀಳಬಹುದು. ಫ್ರಾನ್ಸಿಸ್ ಹೋಗಿ ಆಗಿನ ಪ್ರೆಸಿಡೆಂಟ್ ಸಿಸ್ಟರನ್ನು ಕೇಳಿದರು, ಆಕೆ ಒಪ್ಪಿದರು. ಸೇಂಟ್ ಮೈಕಲ್ಸ್ ಹಾಸ್ಟೆಲಿನಲ್ಲಿ ಅವರೆಲ್ಲರಿಗೂ ಜಾಗ ಸಿಕ್ಕಿತು. ಹಳಬರು ಇದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾನಾದರೂ ಹೇಳುತ್ತಿದ್ದೆ.

1968ರಲ್ಲಿ ಸಿಸ್ಟರ್‌ಗಳು ಯೂನಿವರ್ಸಿಟಿಯನ್ನು ಅವರ ಕೈಗೆ ಒಪ್ಪಿಸಿದರು. ಸಿಸ್ಟರ್ ಅಲ್ಲದ ಮೊದಲ ಪ್ರೆಸಿಡೆಂಟ್, ಮೊದಲ ಕಪ್ಪು ಪ್ರೆಸಿಡೆಂಟ್, ವಯಸ್ಸು 37. ಅವರು ಒಪ್ಪಿಕೊಂಡ ದಿನ ಏಪ್ರಿಲ್ 4. ಅವತ್ತೇ ಸಂಜೆ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುಂಡು ಹೊಡೆದರು. ಅಂಥ ರಾತ್ರಿಯಲ್ಲಿ ಶುರುವಾದ ಕೆಲಸವನ್ನು ಅವರು 2015ರವರೆಗೆ, 47 ವರ್ಷ ಮಾಡಿದರು. ಅಮೆರಿಕದಲ್ಲಿ ಇಷ್ಟು ದೀರ್ಘ ಕಾಲ ಒಂದೇ ಯೂನಿವರ್ಸಿಟಿ ನಡೆಸಿದವರು ತೀರಾ ಅಪರೂಪ. 2006ರಲ್ಲಿ ದೇಶದ ಅತಿ ದೊಡ್ಡ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಬಂತು.

ಕ್ಯಾಂಪಸ್ ನೆನಪು ಅಂದರೆ ಹಳಬರು ಮೊದಲು ಹೇಳುವುದು ಏನು?

ಅದು ಯಾವ ಕಾಲದವರು ಅನ್ನುವುದರ ಮೇಲೆ ಹೋಗುತ್ತದೆ. ಹಳೇ ಕಾಲದವರು ಸಿಸ್ಟರ್‌ಗಳ ಶಿಸ್ತು, ಓಪೆರಾ ರಿಹರ್ಸಲ್ ಅನ್ನುತ್ತಾರೆ. ಆಮೇಲಿನವರು ಕೆಮಿಸ್ಟ್ರಿ ಅಭ್ಯಾಸದ ಕ್ಲಾಸು ಅನ್ನುತ್ತಾರೆ. 2005ರ ಆಸುಪಾಸಿನಲ್ಲಿ ಓದಿದವರಿಗೆ ಮಾತ್ರ ಒಂದೇ ನೆನಪು, ಕತ್ರಿನಾ.

ಆಗಸ್ಟ್ 29, ಸೋಮವಾರ. ಹೊಸ ಮಕ್ಕಳು ಬಂದು ಸಾಮಾನು ಬಿಚ್ಚಿ ಕೆಲವೇ ದಿನ ಆಗಿತ್ತು. ಒಡ್ಡುಗಳು ಒಡೆದು ಊರಿನ ಬಹುಪಾಲು ನೀರಿನಡಿ ಹೋಯಿತು. ಕ್ಯಾಂಪಸ್ ಪಕ್ಕದಲ್ಲೇ ಮಳೆನೀರಿನ ಕಾಲುವೆ, ಜಾಗವೂ ತಗ್ಗು. ಕಟ್ಟಡಗಳಿಗೆಲ್ಲ ಏಟು ಬಿತ್ತು. ಊರು ಬಿಡಲಾಗದ ನೂರಾರು ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ಕಟ್ಟಡಗಳ ಮೇಲಿನ ಅಂತಸ್ತಿನಲ್ಲಿ ದಿನಗಟ್ಟಲೆ ಕಾದರು. ಆಮೇಲೆ ದೋಣಿಯಲ್ಲಿ ಅವರನ್ನು ಹೊರಗೆ ತಂದರು.

ಇನ್ನು ಈ ಕಾಲೇಜು ಏಳುವುದಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದರು. ಫ್ರಾನ್ಸಿಸ್ ಆಗ 74 ವರ್ಷದವರು, ಅವರ ಸ್ವಂತ ಮನೆಯೂ ಮುಳುಗಿತ್ತು. ಜನವರಿಗೆ ಬಾಗಿಲು ತೆರೆಯುತ್ತೇವೆ ಅಂತ ಹೇಳಿಬಿಟ್ಟರು. 2006ರ ಜನವರಿಯಲ್ಲಿ ನಿಜಕ್ಕೂ ತೆರೆದರು, ನಾಲ್ಕರಲ್ಲಿ ಮೂರು ಪಾಲು ವಿದ್ಯಾರ್ಥಿಗಳು ಮರಳಿ ಬಂದರು. ಊರಲ್ಲಿ ಇನ್ನೂ ಎಷ್ಟೋ ಕಡೆ ಕರೆಂಟೇ ಇರಲಿಲ್ಲ. ಕಳೆದುಹೋದ ಸೆಮಿಸ್ಟರ್ ಹಿಡಿಯಲು ಬೇಸಿಗೆ ರಜೆಯನ್ನೇ ಬಿಟ್ಟು ಓದಿದರು. ಹಾಗಾಗಿ ಆ ವರ್ಷದ ಪದವಿ ಸಮಾರಂಭ ನಡೆದದ್ದು ಆಗಸ್ಟಿನಲ್ಲಿ. ಭಾಷಣಕ್ಕೆ ಬಂದವರು ಆಗಿನ್ನೂ ಸೆನೆಟರ್ ಆಗಿದ್ದ ಬರಾಕ್ ಒಬಾಮ. ಕತ್ರಿನಾಕ್ಕೆ ಐದು ವರ್ಷ ತುಂಬಿದ ದಿನ, 2010ರ ಆಗಸ್ಟ್ 29ರಂದು, ರಾಷ್ಟ್ರಾಧ್ಯಕ್ಷರಾಗಿ ಇದೇ ಕ್ಯಾಂಪಸ್ಸಿಗೆ ಮತ್ತೆ ಬಂದು ಮಾತಾಡಿದರು.

ಸಹಾಯ ಬಂದದ್ದು ದೂರದೂರದಿಂದ. ಕತಾರ್ ದೇಶ ಫಾರ್ಮಸಿ ಕಾಲೇಜಿನ ಹೊಸ ಕಟ್ಟಡಕ್ಕೂ ಸ್ಕಾಲರ್‌ಶಿಪ್‌ಗೂ ಸೇರಿ 1.75 ಕೋಟಿ ಡಾಲರ್ ಕೊಟ್ಟಿತು.

ಪೋಪ್ ಬಂದಿದ್ದರಂತೆ, ನಿಜಾನಾ?

ನಿಜ. 1987ರ ಸೆಪ್ಟೆಂಬರ್‌ನಲ್ಲಿ 2ನೇ ಜಾನ್ ಪಾಲ್ ಬಂದಿದ್ದರು. ಅಮೆರಿಕದ ಕ್ಯಾಥೊಲಿಕ್ ಕಾಲೇಜುಗಳ ಮುಖ್ಯಸ್ಥರನ್ನು ಕುರಿತು ಅವರು ಮಾತಾಡಿದ್ದು ಇಲ್ಲೇ.

ಆಟೋಟ?

ಬಾಸ್ಕೆಟ್‌ಬಾಲ್ ಇದೆ. ಗಂಡುಮಕ್ಕಳ ತಂಡ ಗೋಲ್ಡ್ ರಶ್, ಹೆಣ್ಣುಮಕ್ಕಳದ್ದು ಗೋಲ್ಡ್ ನಗೆಟ್ಸ್. ಅಮೆರಿಕನ್ ಫುಟ್‌ಬಾಲ್ ತಂಡ ಒಂದು ಕಾಲಕ್ಕೆ ಇತ್ತು, ಈಗಿಲ್ಲ.

ಈಗ ಹೊಸದೇನು ನಡೆಯುತ್ತಿದೆ?

ದೊಡ್ಡ ಸುದ್ದಿ ಅಂದರೆ ಮೆಡಿಕಲ್ ಕಾಲೇಜು. ಇಷ್ಟು ವರ್ಷ ಮಕ್ಕಳನ್ನು ತಯಾರು ಮಾಡಿ ಬೇರೆಯವರ ಮೆಡಿಕಲ್ ಕಾಲೇಜಿಗೆ ಕಳಿಸುತ್ತಿದ್ದರು. ಈಗ ಓಕ್ಸ್ನರ್ ಆಸ್ಪತ್ರೆ ಸಂಸ್ಥೆಯ ಜೊತೆ ಸೇರಿ ತಮ್ಮದೇ ಕಾಲೇಜು ಕಟ್ಟಲು ಹೊರಟಿದ್ದಾರೆ, 2024ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಕಪ್ಪು ಡಾಕ್ಟರ್‌ಗಳ ಕೊರತೆ ಅಮೆರಿಕದಲ್ಲಿ ಇವತ್ತಿಗೂ ನಿಜವಾದ ತೊಂದರೆ. ಈ ಕೆಲಸ ಕೈಗೂಡಲಿ ಅಂತ ಮನಸಾರೆ ಬಯಸುತ್ತೇನೆ.

ನ್ಯೂ ಆರ್ಲಿಯನ್ಸಿಗೆ ಹೋದರೆ ಅಲ್ಲಿ ಏನು ನೋಡಬೇಕು?

ಮೊದಲು ಹಳೇ ಕಲ್ಲಿನ ಆಡಳಿತ ಕಟ್ಟಡ ನೋಡಿ, 1930ರ ದಶಕದ ಶುರುವಿನದು. ಇಂಡಿಯಾನದಿಂದ ತಂದ ಸುಣ್ಣದ ಕಲ್ಲು, ಮೇಲೆ ಹಸಿರು ಸೂರು. ಸುತ್ತಲಿನ ಕಟ್ಟಡಗಳಿಗೂ ಇದೇ ಹಸಿರು ಸೂರು ಇರುವುದರಿಂದ ಕ್ಯಾಂಪಸ್ಸಿಗೆ ಪಚ್ಚೆಯ ಪಟ್ಟಣ ಅನ್ನುವ ಅರ್ಥದ ಅಡ್ಡಹೆಸರೂ ಇದೆ. ಹೈವೇಯಲ್ಲಿ ಹೋಗುವವರಿಗೂ ಸೂರು ಕಾಣುತ್ತದೆ.

ಆಮೇಲೆ ಸಂತ ಕ್ಯಾಥರಿನ್ ಡ್ರೆಕ್ಸೆಲ್ ಚಾಪೆಲ್, ಅಂದರೆ ಕ್ಯಾಂಪಸ್ಸಿನ ಪ್ರಾರ್ಥನಾ ಮಂದಿರ. ಕ್ವಾಲಾಲಂಪುರದ ಜೋಡಿ ಗೋಪುರ ವಿನ್ಯಾಸ ಮಾಡಿದ ಸೀಸರ್ ಪೆಲ್ಲಿ ಅವರದೇ ವಿನ್ಯಾಸ, 2012ರಲ್ಲಿ ತೆರೆದದ್ದು. ಎಂಟು ಮೂಲೆಯ ಕಟ್ಟಡ. ಒಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ.

ಹೊರಗೆ ಬಂದ ಮೇಲೆ ಹತ್ತಿರದ ಅಗಲ ರಸ್ತೆಯ ಬೋರ್ಡು ಓದಿ. ಆ ರಸ್ತೆಗೆ ಮೊದಲು ಜೆಫರ್ಸನ್ ಡೇವಿಸ್ ಹೆಸರಿತ್ತು. ಜೀತದ ಪದ್ಧತಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ದಕ್ಷಿಣ ರಾಜ್ಯಗಳ ಅಧ್ಯಕ್ಷ ಆತ. ಆತನ ಪ್ರತಿಮೆಯೂ ಅದೇ ರಸ್ತೆಯಲ್ಲಿತ್ತು, 2017ರಲ್ಲಿ ತೆಗೆದರು. ಹೆಸರು ಬದಲಾಯಿಸಬೇಕು ಅಂತ 2020ರಲ್ಲಿ ತೀರ್ಮಾನ ಆಯಿತು, 2021ರ ಹೊಸ ವರ್ಷದಿಂದ ಜಾರಿಗೆ ಬಂತು. ಈಗ ಬೋರ್ಡಿನ ಮೇಲೆ ಇರುವುದು ಲಫಾಯೆಟ್‌ನಲ್ಲಿ ಶೂ ಪಾಲಿಶ್ ಮಾಡುತ್ತಿದ್ದ ಆ ಹುಡುಗನ ಹೆಸರು, ನಾರ್ಮನ್ ಸಿ. ಫ್ರಾನ್ಸಿಸ್ ಪಾರ್ಕ್‌ವೇ.